ಐತಾರ ನನಗೆ, ಆರು ದಿನ ಅವಳಿಗೆ

"ನಿಮ್ ದೇವ್ರು ಐತಾರಕ್ಕೊಮ್ಮಿ ಅಷ್ಟ ಸಿಗತಾನೇನ್ರೀ ಸಿಸ್ಟರ್?"

ಸಿಂಧನೂರಿಗೆ ಬಂದ ಮೊದಲ ಭಾನುವಾರ, ಚರ್ಚಿಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಮನೆಯೊಡತಿ ಬಸಮ್ಮ ಕೇಳಿದ ಮಾತಿದು. ಅದರಲ್ಲಿ ಕುಹಕವೇನೂ ಇರಲಿಲ್ಲ. ದಿನಾ ಬೆಳಿಗ್ಗೆ ಕೊರಳಿನ ಲಿಂಗವನ್ನು ಅಂಗೈ ಮೇಲಿಟ್ಟು ಪೂಜಿಸಿ, ಆಮೇಲೆ ರೊಟ್ಟಿ ಬಡಿಯಲು ಕೂರುವವರು ಅವರು. ನಾನು ಬೀಗ ಜಗ್ಗಿ ನೋಡಿ ಚರ್ಚಿನ ದಾರಿ ಹಿಡಿದೆ.

ನಾನು ಉಡುಪಿ ಕಡೆಯವಳು, ಇಲ್ಲಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಕುಚ್ಚಲಕ್ಕಿ ಗಂಜಿ ಬಿಟ್ಟು ಜೋಳದ ರೊಟ್ಟಿಗೆ ಹೊಂದಿಕೊಂಡೆ, ಕಡಲ ಗಾಳಿ ಬಿಟ್ಟು ಕಾಲುವೆಯ ಸೊಳ್ಳೆಗಳಿಗೂ ಹೊಂದಿಕೊಂಡೆ. ನಮ್ಮ ತುಳುವಿನಂತೆ ಇಲ್ಲಿಯೂ ಭಾನುವಾರಕ್ಕೆ 'ಐತಾರ' ಎನ್ನುತ್ತಾರೆಂದು ತಿಳಿದಾಗ ತವರಿನವರೇ ಸಿಕ್ಕಷ್ಟು ಖುಷಿಯಾಗಿತ್ತು. ವಾರ್ಡಿನ ನರ್ಸುಗಳಲ್ಲಿ ಕ್ರೈಸ್ತರು ಇಬ್ಬರೇ, ನಾನು ಮತ್ತು ಮಸ್ಕಿಯ ಸಾರಮ್ಮ. ಐತಾರದ ರಜೆ ಒಬ್ಬರಿಗೆ ಮಾತ್ರ. ಅದನ್ನು ನಾನು ಸೇರುವಾಗಲೇ ಹಟ ಹಿಡಿದು ಪಡೆದುಕೊಂಡಿದ್ದೆ.

ಆದರೆ ರೋಗಿಗಳು ಕೇಳುತ್ತಿದ್ದುದು ಸಾರಮ್ಮನನ್ನೇ. "ಆ ಸಿಸ್ಟರ್‌ನ ಕರೀರಿ, ಆಕಿ ಚುಚ್ಚಿದ್ರ ನೋಯಂಗಿಲ್ಲ." ಸೂಜಿ ಹಿಡಿದಾಗ ಅವಳ ತುಟಿ ಸಣ್ಣಗೆ ಅಲುಗುವುದನ್ನು ನಾನೂ ಕಂಡಿದ್ದೆ. ಪ್ರಾರ್ಥನೆ! ಅದರಲ್ಲಿಯೂ ಇವಳು ನನ್ನನ್ನು ಮೀರಿಸುವುದೇ? ಅಜ್ಜಿಯ ಕಾಲದಿಂದ ಚರ್ಚಿನಲ್ಲಿ ಮುಂದೆ ನಿಂತು ಹಾಡಿದ ಮನೆತನ ನಮ್ಮದು. ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ. ಒಂದು ದಿನ ಸೂಜಿ ಚುಚ್ಚುವ ಮೊದಲು ಗೊರೇಬಾಳದ ಹಿರಿಯ ರೋಗಿಯೊಬ್ಬರ ತೋಳು ಹಿಡಿದು, ಕಣ್ಣು ಮುಚ್ಚಿ, ನಮ್ಮೂರಿನ ಪುಸ್ತಕದ ಕನ್ನಡದಲ್ಲಿ ಉದ್ದಕ್ಕೆ ಬೇಡಿಕೊಳ್ಳತೊಡಗಿದೆ. ಅವರು ಕೈ ಕಿತ್ತುಕೊಂಡು ಎದ್ದು ಕುಳಿತರು.

"ಯಾಕ್ರೀ ಸಿಸ್ಟರ್, ನನಗ ಅಷ್ಟ್ ಜೋರಾಗೇತೇನು? ಮದ್ಲ ನನ್ ಮಗನ್ನ ಕರಸ್ರಿ!"

ಸಾರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಕಣ್ ಮುಚ್ಚಬ್ಯಾಡ್ರೀ ಅಕ್ಕಾ, ನರ ನೋಡ್ಕೋತನ ಅನ್ರಿ."

"ನೀನು ಎಂತ ಹೇಳುವುದು?"

"'ಕೈ ಹಗುರ ಮಾಡಪಾ ತಂದೆ.' ಅಷ್ಟರೀ."

ಅಷ್ಟೇ! ಅಷ್ಟು ಸಲೀಸಾಗಿ ದೇವರನ್ನು ಕೆಲಸಕ್ಕೆ ಕರೆತರುತ್ತಾಳಲ್ಲ ಎಂದು ಇನ್ನಷ್ಟು ಉರಿಯಿತು. ದೊಡ್ಡಸ್ತಿಕೆ ತೋರಿಸಲು, "ಈ ಐತಾರ ಚರ್ಚಿಗೆ ನೀನೇ ಹೋಗು" ಎಂದೆ.

"ಐತಾರ ನೀವ ಇಟ್ಗೋರಿ ಅಕ್ಕಾ. ನನಗ ಉಳದ ಆರು ದಿನ ಅದಾವಲ್ಲ" ಎಂದವಳೇ ಟ್ರೇ ಎತ್ತಿಕೊಂಡು ಮುಂದಿನ ಹಾಸಿಗೆಗೆ ಹೋದಳು.

ಮೊನ್ನೆ ರಜೆ ಹಾಕಿ ಊರಿಗೆ ಹೋಗಿದ್ದೆ. ಐತಾರದ ಪ್ರಾರ್ಥನೆಗೆ ಅದೇ ದೊಡ್ಡ ಚರ್ಚು, ಅದೇ ನಮ್ಮ ಬೆಂಚು. ಎಲ್ಲರೂ ತಲೆಬಾಗಿಸಿದಾಗ ನನ್ನ ಬಾಯಿಂದ ಬಂದದ್ದು, "ಕೈ ಹಗುರ ಮಾಡಪಾ."

ಅಮ್ಮ ಮೊಣಕೈಯಲ್ಲಿ ತಿವಿದರು. "ಇದೆಂತ ಭಾಷೆ ಮಾರಾಯ್ತಿ, ದೇವರ ಹತ್ತಿರ?"

ಸಿಂಧನೂರಿನವರಿಗೆ ನಾನು ಇನ್ನೂ ಮಂಗಳೂರು ಸಿಸ್ಟರ್. ಅಮ್ಮನಿಗೆ ಆಗಲೇ ಘಟ್ಟದ ಮೇಲಿನವಳು. ತಲೆ ತಗ್ಗಿಸಿಕೊಂಡೇ ಗಡಿಯಾರ ನೋಡಿದೆ. ಸಾರಮ್ಮ ಸೂಜಿ ಹಿಡಿದು ವಾರ್ಡಿಗೆ ಬರುವ ಹೊತ್ತು. ಆರು ದಿನ ಇಟ್ಟುಕೊಂಡದ್ದು ಸಾಲದೆ ನನ್ನ ಐತಾರವನ್ನೂ ಅವಳೇ ಕಿತ್ತುಕೊಂಡಳಲ್ಲ ಎಂದು ಹೊಟ್ಟೆ ಉರಿಯಿತು.