ಎಡಗಡೆಯ ಟುಲಿಪ್ ಹೂಗಳು

ರೂಸೆ ಪಟ್ಟಣದಲ್ಲಿ ಹತ್ತೊಂಬತ್ತು ವರ್ಷ ಟ್ರಾಲಿಬಸ್ ಓಡಿಸಿದ ಯೋರ್ದಾಂಕಾಳ ಬಾಯಿ ಜೋರು. ಬಸ್ಸಿನ ನೆತ್ತಿಯಿಂದ ಮೇಲಿನ ಕರೆಂಟ್ ತಂತಿಗೆ ತಾಗುವ ಕಂಬಕ್ಕೆ ಕಟ್ಟಿದ ಹಗ್ಗ ಸವೆದು ಲಡ್ಡಾಗಿದೆ ಎಂದು ಡಿಪೋದಲ್ಲಿ ಮೂರು ಸಲ ಬರೆದುಕೊಟ್ಟಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ, ತಂತಿಯಿಂದ ಕಳಚಿದ ಕಂಬವನ್ನು ಹಗ್ಗ ಎಳೆದು ಮತ್ತೆ ಕೂರಿಸುವಾಗ ಅದು ತುಂಡಾಗಿ, ಕಂಬ ಬೀಸಿ ಬಂದು ಅವಳ ತಲೆಗೆ ಬಡಿಯಿತು. ಹೆಲ್ಮೆಟ್ ಹಾಕಿರಲಿಲ್ಲ, ತಪ್ಪು ಅವಳದೇ ಎಂದು ಡಿಪೋದವರು ಷರಾ ಬರೆದರು. ಆ ಡಿಪೋದಲ್ಲಿ ಹೆಲ್ಮೆಟ್ ಎಂಬುದೇ ಇರಲಿಲ್ಲ.

ಪ್ರಾಣ ಉಳಿಯಿತು. ಎಡಗಡೆಯ ಲೋಕ ಮಾತ್ರ ಅವಳ ಪಾಲಿಗೆ ಅಳಿಸಿಹೋಯಿತು. ಕಣ್ಣು ಸರಿಯಿತ್ತು, ಮಿದುಳು ಆ ಕಡೆ ತಿರುಗುತ್ತಿರಲಿಲ್ಲ. ತಟ್ಟೆಯ ಬಲಗಡೆಯದನ್ನಷ್ಟೇ ತಿಂದು, "ಇಷ್ಟೇನಾ ಬಡಿಸೋದು?" ಎಂದು ತಂಗಿ ಪೆಂಕಾಳ ಮೇಲೆ ರೇಗುತ್ತಿದ್ದಳು.

ಆಸ್ಪತ್ರೆಯಲ್ಲಿ ಕೈಗೆ ಸಿಕ್ಕ, ಚಿತ್ರ ಬರೆಯುವ ಇದ್ದಿಲ ಕಡ್ಡಿಯನ್ನು ಮನೆಗೆ ಬಂದ ಮೇಲೂ ಬಿಡಲಿಲ್ಲ. ಬರೆದದ್ದೆಲ್ಲ ಡಿಪೋ, ಡಿಪೋದವರ ಮುಖಗಳು. ಹಾಳೆಯ ಬಲ ಅರ್ಧದಲ್ಲಿ, ಕಡ್ಡಿ ಮುರಿಯುವಷ್ಟು ಒತ್ತಿ. ಎಡ ಅರ್ಧ ಬಿಳಿ.

ಸಂಸ್ಕೃತಿ ಭವನದ ಇಲ್ಚೆವ್ ಮೇಷ್ಟ್ರು ನೋಡಲು ಬಂದರು. "ಈ ಖಾಲಿ ಜಾಗದಲ್ಲಿ ಎಂಥಾ ಮೌನ ಇದೆ ನೋಡಿ."

"ಮೌನಾನೂ ಇಲ್ಲ, ಮಣ್ಣೂ ಇಲ್ಲ. ನನಗೆ ಆ ಕಡೆ ಗೊತ್ತಾಗಲ್ಲ, ಅಷ್ಟೆ."

ಅವರು ಅದನ್ನೂ ಬರೆದುಕೊಂಡು ಆ ಚಿತ್ರಗಳ ಪ್ರದರ್ಶನ ಗೊತ್ತುಮಾಡಿದರು.

ಅರ್ಧ ಖಾಲಿ ಹಾಳೆಗಳನ್ನು ಊರಿಗೆ ತೋರಿಸುವುದು ಪೆಂಕಾಳಿಗೆ ಸರಿ ಕಾಣಲಿಲ್ಲ. ಒಂದು ಚಿತ್ರದ ಬಿಳಿ ಜಾಗದ ತುಂಬ ಅದೇ ಇದ್ದಿಲಿನಲ್ಲಿ ಟುಲಿಪ್ ಹೂ ಬರೆದಿಟ್ಟಳು. ಒಂದು ದಿನ ಹಾಳೆ ತಲೆಕೆಳಗಾದಾಗ ಆ ಹೂಗಳು ಬಲಕ್ಕೆ ಬಂದು ಅಕ್ಕನ ಕಣ್ಣಿಗೆ ಬಿದ್ದವು.

"ಯಾರೇ ಇದನ್ನ ಬರೆದೋಳು?"

"ನಾನೇ ಅಕ್ಕಾ. ಅರ್ಧಂಬರ್ಧ ಇತ್ತಲ್ಲ, ಚೆನ್ನಾಗಿ ಕಾಣ್ಲಿ ಅಂತ."

"ಅರ್ಧ ಆಗಿರೋಳು ನಾನು ಕಣೇ. ನನ್ನ ಮೇಲೂ ಹೂವು ಬರೀತೀಯಾ?"

ಪೆಂಕಾ ಅತ್ತಳು. ಯೋರ್ದಾಂಕಾ ಸಮಾಧಾನ ಮಾಡಲಿಲ್ಲ. ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ಹೂಗಳನ್ನೆಲ್ಲ ಉಜ್ಜಿ ಅಳಿಸಿದಳು. ಹಾಳೆ ತಿರುಗಿಸಿದರೆ ಆ ಅರ್ಧವೂ ಕೈಗೆ ಸಿಗುತ್ತದೆ ಎಂದು ಅವಳಿಗೆ ತಿಳಿದದ್ದು ಆಗಲೇ. ಅಲ್ಲಿ ತುಂಡಾದ ಹಗ್ಗ ಬರೆದಳು. ಕೆಳಗೆ ಮೂರು ದೂರುಗಳ ತಾರೀಖು.

"ಇದೊಂದು ಬೇಡ, ಡಿಪೋ ಮುಖ್ಯಸ್ಥರೇ ಉದ್ಘಾಟನೆಗೆ ಬರ್ತಿದ್ದಾರೆ" ಎಂದರು ಇಲ್ಚೆವ್.

"ಹಾಗಾದ್ರೆ ನನಗೆ ಇದೊಂದೇ ಸಾಕು."

ಮಿಕ್ಕ ಚಿತ್ರಗಳನ್ನು ವಾಪಸ್ ತಂದು, ಇದನ್ನು ಡಿಪೋ ಎದುರಿನ ಬಸ್ ನಿಲ್ದಾಣದಲ್ಲಿ ಪೆಂಕಾಳ ಕೈಯಿಂದಲೇ ಅಂಟಿಸಿದಳು. ಜನ ಕತ್ತು ತಿರುಚಿ, ತಲೆಕೆಳಗಾಗಿದ್ದ ತಾರೀಖು ಓದಿದರು. ಡಿಪೋದವರು ಕಿತ್ತರು. ಅವಳು ಮತ್ತೆ ಬರೆದಳು. ನಾಲ್ಕನೆಯ ಸಲ ಚಾಲಕರೇ ಅಂಟು ತಂದರು.

ಬಸ್ಸುಗಳಿಗೆಲ್ಲ ಹೊಸ ಹಗ್ಗ ಬಂತು. ಅವಳ ಕಡತದಲ್ಲಿ ತಪ್ಪು ಅವಳದೇ ಎಂಬ ಷರಾ ಬದಲಾಗಲಿಲ್ಲ. ಯೋರ್ದಾಂಕಾ ಐದನೆಯ ಹಾಳೆ ಹಾಸಿಕೊಂಡಳು.