ಅಪ್ಪನ ಹೋಗೋಣ-ಬೇಡ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಲವತ್ತು ವರ್ಷ ಅಡುಗೆ ಮಾಡಿ ನಿವೃತ್ತರಾದ ಅಪ್ಪನಿಗೆ ಪ್ರವಾಸವೆಂದರೆ ಊರೂರಿನ ಅಡುಗೆಮನೆಗಳಿಗೆ ಇಣುಕುವುದು ಎಂದೇ ಅರ್ಥ. ಅಂಥವರು ಮಗಳೊಡನೆ ಈ ನಗರಕ್ಕೆ ಬಂದು ಮೂರು ದಿನವಾದರೂ, ಜನ ಮುಗಿಬೀಳುವ ಇಲ್ಲಿನ, ಹತ್ತಾರು ಅಂಗಡಿಗಳಿರುವ ದೊಡ್ಡ ತಿಂಡಿ ಮಾರುಕಟ್ಟೆಯ ಮಾತೆತ್ತಿದರೆ ಮೀನಮೇಷ ಎಣಿಸುತ್ತಿದ್ದರು. "ನಡಿಯಮ್ಮ, ಹೋಗೋಣ" ಎಂದು ಚಪ್ಪಲಿ ಮೆಟ್ಟುವರು. "ಗದ್ದಲ ಜಾಸ್ತಿ ಇರುತ್ತೇನೋ" ಎಂದು ಬಿಚ್ಚುವರು. ಲಾಡ್ಜಿನ ಮ್ಯಾನೇಜರು "ನೋಡಲೇಬೇಕು ಸಾರ್" ಎಂದರೆ, ಹಾಗಾದರೆ ಬೇಡವೇ ಬೇಡ ಎನ್ನುವರು. ಒಮ್ಮೆ ಬಾಗಿಲವರೆಗೂ ಹೋಗಿ, ಒಳಗಿನ ಹಬೆ ಮುಖಕ್ಕೆ ಬಡಿದದ್ದೇ ತಡ, ದಾರಿ ತಪ್ಪಿದವರಂತೆ ಕಣ್ಣು ಪಿಳಿಪಿಳಿ ಬಿಟ್ಟು ವಾಪಸಾದರು. ಮಗಳಿಗೆ ತಲೆಬುಡ ತಿಳಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಕೋಣೆಯಲ್ಲೇ ಚಹಾ ಮಾಡಿ, ಸಕ್ಕರೆ ಎಂದುಕೊಂಡು ಉಪ್ಪಿನ ಪೊಟ್ಟಣ ಸುರಿದಳು. ಅಪ್ಪ ಲೋಟ ಖಾಲಿ ಮಾಡಿ "ಭೇಷಾಗಿದೆ" ಎಂದರು. ತನ್ನ ಲೋಟದಿಂದ ಒಂದು ಗುಟುಕು ಹೀರಿದ ಮಗಳು ಮುಖ ಕಿವುಚಿ, "ಅಪ್ಪಾ, ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದಳು. "ಆ ಜ್ವರ ಬಂತಲ್ಲ, ಆವಾಗಿಂದ. ವಾಸನೆನೂ ಇಲ್ಲ, ರುಚಿನೂ ಇಲ್ಲ. ಅಡುಗೆಯವನು ಇದನ್ನ ಯಾವ ಬಾಯಲ್ಲಿ ಹೇಳಲಿ?" ಮಗಳು ಲೋಟಗಳನ್ನು ಬದಿಗಿಟ್ಟು, "ಏಳಿ, ಹೋಗೋಣ. ರುಚಿ ಹೇಗಿದೆ ನಾನು ಹೇಳ್ತೀನಿ, ಹೇಗೆ ಮಾಡಿದಾರೆ ನೀವು ಹೇಳಿ" ಎಂದಳು. ಮಧ್ಯಾಹ್ನ ಆ ಜನಜಂಗುಳಿಯ ನಡುವೆ ಅಪ್ಪ ಒಂದು ಅಂಗಡಿಯ ಮುಂದೆ ನಿಂತು, ಬಾಣಲೆಯ ಸದ್ದಿಗೆ ಕಿವಿಗೊಟ್ಟು, "ಎಣ್ಣೆ ಇನ್ನೂ ಕಾದಿಲ್ಲ" ಎಂದರು. ಕರಿಯುತ್ತಿದ್ದವನು ತಲೆಯೆತ್ತಿ ಅವರನ್ನೊಮ್ಮೆ ನೋಡಿ, ಉರಿ ಹೆಚ್ಚಿಸಿದ.