ರಾಜಧಾನಿ ಗೆದ್ದ ಚಹಾದಣ್ಣ

ಹಿಂದೆ ರಾಜಧಾನಿ ಗೆಲ್ಲಲು ಹೊರಟವರೆಲ್ಲ ಆನೆ, ಕುದುರೆ, ಕಾಲಾಳುಗಳನ್ನು ಕಟ್ಟಿಕೊಂಡು ಹೋದರು. ನಮ್ಮ ಕಚೇರಿಯ ಚಹಾದಣ್ಣ ಬರಿಗೈಲಿ ಹೋದ. ತೊಂದರೆಯಾದದ್ದೂ ಅದರಿಂದಲೇ.

ನಮ್ಮದು ವಿಡಿಯೋ ಗೇಮ್ ಮಾಡುವ ಕಚೇರಿ. ಈಗ ಬರೀ ಅಡಿಪಾಯ ಉಳಿದಿರುವ ಒಂದು ಹಳೆಯ ರಾಜಧಾನಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದ್ದೆವು. ಶಾಲೆಯ ಮಕ್ಕಳು ಅದರ ಬೀದಿಗಳಲ್ಲಿ ಅಡ್ಡಾಡುತ್ತ ಇತಿಹಾಸ ಕಲಿಯಬೇಕು. ಕೋಟೆ, ಪೇಟೆ, ಕೊಳ ಎಲ್ಲ ಸಿದ್ಧವಾಗಿತ್ತು, ನಡೆದಾಡುವ ಜನ ಮಾತ್ರ ಬೇಕಿತ್ತು. ಯಾರಾದರೊಬ್ಬರು ಮೈತುಂಬ ಪುಟ್ಟ ಗುಂಡು ಅಂಟಿಸಿದ ಬಿಗಿಯಾದ ಕರಿ ಉಡುಪು ತೊಟ್ಟು ನಡೆದರೆ ಸಾಕು, ಕ್ಯಾಮೆರಾಗಳು ಆ ನಡಿಗೆಯನ್ನು ಹಿಡಿದು ಊರಿಗೆಲ್ಲ ಹಂಚುತ್ತವೆ. ನಾವೋ, ದಿನವಿಡೀ ಕೂತು ಕೂತು ಕುರ್ಚಿಯ ಆಕಾರಕ್ಕೇ ಬಂದವರು. ಕಚೇರಿಯಲ್ಲಿ ಕಾಲನ್ನು ಕಾಲಿನಂತೆ ಬಳಸುತ್ತಿದ್ದವನು ಚಹಾದಣ್ಣ ಒಬ್ಬನೇ.

ಅಣ್ಣ ಉಡುಪು ತೊಟ್ಟು, ಹೊಟ್ಟೆ ಒಳಗೆಳೆದುಕೊಂಡು, ದಿಗ್ವಿಜಯಕ್ಕೆ ಹೊರಟವನಂತೆ ನಡೆದ. ಸಂಜೆಯೇ ಸುದ್ದಿ ಅತ್ತೆಯ ಮನೆ ಮುಟ್ಟಿತು. ಮದುವೆಯಾದ ದಿನದಿಂದ ಆಕೆ ಅಳಿಯನನ್ನು ‘ಲೋಟ ತೊಳೆಯೋನು’ ಎಂದೇ ಕರೆಯುತ್ತಿದ್ದಳು. ಇನ್ನು ಒಂದಿಡೀ ರಾಜಧಾನಿ ನನ್ನ ಹಾಗೆ ನಡೆಯುತ್ತದೆ ಎಂದು ಅಣ್ಣ ಫೋನಿನಲ್ಲೇ ಮೀಸೆ ತಿರುವಿದ. ಭಾನುವಾರ ಬಂದು ಕಣ್ಣಾರೆ ನೋಡುತ್ತೇನೆ, ಆಮೇಲೆ ಮಾತು, ಅಂದಳು ಅತ್ತೆ.

ಶುಕ್ರವಾರ ಊರಿಗೆ ಜೀವ ಬಂತು. ತಪ್ಪು ಒಪ್ಪು ಹೇಳಲೆಂದು ಕರೆಸಿದ್ದ ಇತಿಹಾಸದ ಮೇಷ್ಟ್ರು ನೋಡಲು ಕೂತರು. ಸೇನಾಪತಿ, ಕುಂಬಾರ, ರಾಣಿ, ಮಾವುತ, ಎಲ್ಲರೂ ಬಲ ಅಂಗೈಯನ್ನು ಎದೆಮಟ್ಟಕ್ಕೆ ಚಾಚಿಕೊಂಡು ಬಂದರು. ಬಾಗಿಲು ಎದುರಾದರೆ ಗಿರಕ್ಕನೆ ತಿರುಗಿ, ಸೊಂಟದಿಂದ ನೂಕಿ, ಹಿಮ್ಮುಖವಾಗಿ ಒಳಹೊಕ್ಕರು. ಅಣ್ಣ ಚಹಾದ ತಟ್ಟೆ ಬಿಟ್ಟು ನಡೆದಿದ್ದರೂ ಅವನ ಕೈ ತಟ್ಟೆಯನ್ನು ಬಿಟ್ಟಿರಲಿಲ್ಲ.

"ಇದು ರಾಜಧಾನಿಯೋ ಭಿಕ್ಷುಕರ ಊರೋ?" ಅಂದರು ಮೇಷ್ಟ್ರು. "ಸೇನಾಪತೀನೂ ಕೈ ಚಾಚ್ತಾನಲ್ರೀ."

ಕೈ ಇಳಿಸಿ ಇನ್ನೊಮ್ಮೆ ನಡೆ ಎಂದು ಕಚೇರಿ ನಡೆಸುವ ಮೇಡಂ ಅಣ್ಣನಿಗೆ ಹೇಳಿದರು. ಕೈ ಇಳಿಯಿತು, ಆದರೆ ಕಾಲು ತಬ್ಬಿಬ್ಬಾಯಿತು. ಎಡಗಾಲಿನ ಜೊತೆ ಎಡಗೈಯೇ ಹೊರಟು, ಅಣ್ಣ ಸೀದಾ ಗೋಡೆಗೆ ಹೋಗಿ ಹಾಯ್ದ. ನಾಳೆ ನಾಟಕದವರನ್ನು ಕರೆಸಿ ಅವರ ನಡಿಗೆ ಹಾಕೋಣ ಎಂದು ಮೇಡಂ ತೀರ್ಮಾನಿಸಿದರು.

ಅಣ್ಣನ ಕಣ್ಮುಂದೆ ಅತ್ತೆಯ ಮುಖ ಸುಳಿದಿರಬೇಕು. ಉಡುಪು ಕಳಚಿ ಚಹಾ ತಂದವನು ಪರದೆಯ ಮೇಲಿನ ಚಾಚಿದ ಕೈಗಳನ್ನು ಒಂದೊಂದಾಗಿ ನೋಡಿದ.

"ನಡಿಗೆ ಸರಿಯಾಗೇ ಇದೆ ಮೇಡಂ. ಪಾಪ, ಇಡೀ ಊರಿಗೆ ಕೆಲಸ ಇಲ್ಲ, ಅಷ್ಟೇ. ಕೈಗೆ ಏನಾದ್ರೂ ಕೊಟ್ಟು ನೋಡಿ."

ಕೊಟ್ಟೆವು. ಕುಂಬಾರನಿಗೆ ಗಡಿಗೆ, ಹೂವಾಡಗಿತ್ತಿಗೆ ಬುಟ್ಟಿ, ರಾಣಿಗೆ ದೀಪ, ಬೇರೇನೂ ಹೊಳೆಯದೆ ಸೇನಾಪತಿಯ ಕೈಗೆ ಅವನದೇ ಶಿರಸ್ತ್ರಾಣ. ಕಣ್ಣು ಮಿಟುಕಿಸುವುದರಲ್ಲಿ ಭಿಕ್ಷುಕರ ಊರು ಗಿಜಿಗುಡುವ ಪೇಟೆಯಾಯಿತು. ಕೈತುಂಬ ಸಾಮಾನಿದ್ದವರು ಬಾಗಿಲನ್ನು ಸೊಂಟದಿಂದಲ್ಲದೆ ಇನ್ನೇತರಿಂದ ನೂಕುತ್ತಾರೆ? ಮೇಷ್ಟ್ರು ಇನ್ನೊಂದು ಲೋಟ ಚಹಾ ಕೇಳಿದರು.

ಉಳಿದವನು ರಾಜ. ಅವನ ಕೈಗೆ ಏನು ಕೊಟ್ಟರೂ, ‘ಸಕ್ಕರೆ ಹಾಕಲಾ, ಬೇಡವಾ?’ ಎಂದು ಕೇಳಲು ಬಂದವನಂತೆಯೇ ಕಾಣುತ್ತಿದ್ದ. ಇದಕ್ಕೆ ಮೇಷ್ಟ್ರು ಸುತರಾಂ ಒಪ್ಪಲಿಲ್ಲ. ಕೊನೆಗೆ ಅವನನ್ನು ಸಿಂಹಾಸನದ ಮೇಲೆ ಕೂರಿಸಿ, ಏಳದಂತೆ ಮಾಡಿದೆವು. ಆ ರಾಜ್ಯದಲ್ಲಿ ನಡೆದಾಡುವ ಹಕ್ಕು ಇಲ್ಲದವನು ಅವನೊಬ್ಬನೇ.

ಭಾನುವಾರ ಅತ್ತೆ ಬಂದಳು, ಜೊತೆಗೆ ಮಗಳು. ತಿರುಗುವ ಕುರ್ಚಿಯಲ್ಲಿ ಬಿಗಿಯಾಗಿ ಕೂತು ಅತ್ತೆ ಪರದೆಯನ್ನು ಮೂಲೆ ಮೂಲೆ ಜಾಲಾಡಿದಳು.

"ನಡಿಗೆ ಅಳಿಯಂದಿರದ್ದೇ," ಅಂದಳು ಕಡೆಗೆ.

ಅಳಿಯಂದಿರು! ಅಣ್ಣನ ಎದೆ ಕೋಟೆಬಾಗಿಲಿನಷ್ಟಾಯಿತು. ಆದರೆ ಆಕೆಯ ಬೆರಳು ಆಗಲೇ ಅರಮನೆಯ ಕಡೆ ಹೋಗಿತ್ತು.

"ಊರೆಲ್ಲ ಮೈಮುರಿದು ದುಡೀತಿದ್ರೆ, ಅಲ್ಲೊಬ್ಬ ಅಲ್ಲಾಡದೆ ಕೂತಿದ್ದಾನಲ್ಲ, ಅವನ್ಯಾರು?"

ಅಣ್ಣ ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು: "ಅದೂ ಇವರೇ ಕಣಮ್ಮ. ಮನೆಗೆ ಬಂದ ಮೇಲೆ."